ಮಳೆಗಾಲ ದಾಟಬೇಕಾದ ಕಾರ್ಡುಗಳು: ಸ್ಲೀವ್, ಬೈಂಡರ್, ಡಬ್ಬಿಗಳಲ್ಲಿ ಯಾವುದಕ್ಕೆ ಯಾವುದು?

ಪೋಕೆಮಾನ್, ಮ್ಯಾಜಿಕ್, ಯು-ಗಿ-ಓ, ಯಾವ ಆಟದ್ದೇ ಆಗಲಿ, ಕಾರ್ಡುಗಳನ್ನು ಕಾಪಾಡುವ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆಯಲ್ಲಿ ಬಹುಪಾಲು ಅಮೆರಿಕ, ಯುರೋಪಿನ ಮನೆಗಳನ್ನು ನೋಡಿಕೊಂಡು ಬರೆದದ್ದು. ಅಲ್ಲಿನವರಿಗೆ ಗೀರು, ಮಡಿಕೆ, ಬಿಸಿಲಿನದೇ ದೊಡ್ಡ ಚಿಂತೆ. ನಮಗೆ ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ, ಪುಸ್ತಕದ ಕಪಾಟಿನಲ್ಲಿ ಓಡಾಡುವ ಸಿಲ್ವರ್‌ಫಿಶ್, ನೆಲದಿಂದ ಏರುವ ಗೆದ್ದಲು, ಏಪ್ರಿಲ್‌ನಲ್ಲಿ ಕಾದು ನಿಲ್ಲುವ ತಾರಸಿ ಇವೆಲ್ಲ ಸೇರಿಕೊಳ್ಳುತ್ತವೆ. ಹಾಗಾಗಿ 'ಯಾವ ಕಂಪನಿಯ ಸ್ಲೀವ್ (ಕಾರ್ಡಿಗೆ ತೊಡಿಸುವ ಪ್ಲಾಸ್ಟಿಕ್ ಕವಚ) ಒಳ್ಳೆಯದು' ಎಂಬುದು ನನ್ನ ಲೆಕ್ಕದಲ್ಲಿ ಕೊನೆಯ ಪ್ರಶ್ನೆ. ಈ ಕಾರ್ಡು ಆಡುವುದಕ್ಕೋ, ಇಟ್ಟುಕೊಳ್ಳುವುದಕ್ಕೋ ಎಂಬುದು ಮೊದಲನೆಯದು. ಮಳೆಗಾಲದಲ್ಲಿ ಅದು ಮನೆಯ ಯಾವ ಮೂಲೆಯಲ್ಲಿ ಇರುತ್ತದೆ ಎಂಬುದು ಎರಡನೆಯದು. ಇವೆರಡು ಇತ್ಯರ್ಥವಾದರೆ ಅಂಗಡಿಯಲ್ಲಿ ಆರಿಸುವ ಕೆಲಸ ಸಲೀಸು.

ಮೊದಲು ಮೂರು ರಾಶಿ

ಏನನ್ನೂ ಕೊಳ್ಳುವ ಮುಂಚೆ ಇರುವ ಕಾರ್ಡುಗಳನ್ನೆಲ್ಲ ಚಾಪೆಯ ಮೇಲೆ ಹರವಿ ಮೂರು ಪಾಲು ಮಾಡಿ. ಕೈ ಒಣಗಿರಲಿ, ಫ್ಯಾನ್ ಆಫ್ ಇರಲಿ.

ಒಂದು, ಆಡುವ ಕಾರ್ಡುಗಳು. ಪೋಕೆಮಾನ್ ಡೆಕ್ (ಆಟಕ್ಕೆಂದು ಕಟ್ಟಿಕೊಂಡ ಕಾರ್ಡುಗಳ ಕಟ್ಟು) ಆದರೆ ಸರಿಯಾಗಿ 60, ಮ್ಯಾಜಿಕ್‌ನಲ್ಲಿ ಕನಿಷ್ಠ 60 ಅಥವಾ ಅದರಲ್ಲೇ ಕಮಾಂಡರ್ ಎಂಬ ಬಗೆಯ ಆಟ ಆಡುವವರಿಗೆ 100, ಯು-ಗಿ-ಓದಲ್ಲಿ ಮುಖ್ಯ ಡೆಕ್ 40ರಿಂದ 60. ಎರಡು, ಇಟ್ಟುಕೊಳ್ಳುವ ಕಾರ್ಡುಗಳು: ಬೆಲೆ ಬಾಳುವವು, ಹಳೆಯವು, ಬೆಲೆಯಿಲ್ಲದಿದ್ದರೂ ನಿಮಗೆ ಪ್ರೀತಿಯವು. ಮೂರು, ಉಳಿದದ್ದೆಲ್ಲ. ಆಟಗಾರರು ಬಲ್ಕ್ ಅನ್ನುವುದು ಇದಕ್ಕೆ. ಪ್ಯಾಕ್ ಒಡೆದಾಗೆಲ್ಲ ಬಂದು ಬೀಳುವ ಕಾಮನ್‌ಗಳು, ಒಂದೇ ಕಾರ್ಡಿನ ಎಂಟು ಪ್ರತಿಗಳು, ಎನರ್ಜಿ ಕಾರ್ಡುಗಳು, ಲ್ಯಾಂಡ್‌ಗಳು.

ಎಲ್ಲರ ಮನೆಯಲ್ಲೂ ಮೂರನೆಯ ರಾಶಿಯೇ ದೊಡ್ಡದು, ದುಡ್ಡು ಸೋರುವುದೂ ಅಲ್ಲೇ. ಎರಡು ಸಾವಿರ ಕಾಮನ್ ಕಾರ್ಡಿಗೆ ಒಂದೊಂದು ಸ್ಲೀವ್ ತೊಡಿಸಿದರೆ ಸ್ಲೀವಿನ ಖರ್ಚು ಕಾರ್ಡಿನ ಬೆಲೆಯನ್ನೇ ಮೀರುತ್ತದೆ, ಜಾಗವೂ ಹೆಚ್ಚು ಬೇಕು. ಬಲ್ಕ್‌ಗೆ ಬೇಕಾದದ್ದು ಗಟ್ಟಿ ಡಬ್ಬಿ ಮತ್ತು ಒಣ ಗಾಳಿ, ಅಷ್ಟೆ. ಖರ್ಚು ಮಾಡುವುದಿದ್ದರೆ ಎರಡನೆಯ ರಾಶಿಗೂ ತೇವ ತಡೆಯುವುದಕ್ಕೂ ಮಾಡಿ.

ಸ್ಲೀವ್: ಅಳತೆ, ಪ್ಲಾಸ್ಟಿಕ್, ಆಮೇಲೆ ಬ್ರ್ಯಾಂಡ್

ಮ್ಯಾಜಿಕ್ ಮತ್ತು ಪೋಕೆಮಾನ್ ಕಾರ್ಡುಗಳ ಅಳತೆ ಒಂದೇ, 63 × 88 ಮಿಲಿಮೀಟರ್. ಯು-ಗಿ-ಓ ಸ್ವಲ್ಪ ಚಿಕ್ಕದು, 59 × 86. ಅಂಗಡಿಯಲ್ಲಿ 'ಸ್ಟ್ಯಾಂಡರ್ಡ್' ಎಂದಿರುವುದು ಮೊದಲಿನ ಎರಡಕ್ಕೆ, 'ಜಪಾನೀಸ್' ಎಂದಿರುವುದು ಮೂರನೆಯದಕ್ಕೆ. ಜಪಾನೀಸ್ ಎಂದು ಬರೆದಿದೆ ಅಂತ ಜಪಾನಿನಲ್ಲಿ ಅಚ್ಚಾದ ಪೋಕೆಮಾನ್ ಕಾರ್ಡಿಗೆ ಅದನ್ನು ತರಿಸಿಕೊಂಡವರಿದ್ದಾರೆ. ಆ ಕಾರ್ಡೂ 63 × 88 ಆದ್ದರಿಂದ ಅದು ಒಳಗೆ ಹೋಗುವುದೇ ಇಲ್ಲ. ಯು-ಗಿ-ಓ ಕಾರ್ಡನ್ನು ಸ್ಟ್ಯಾಂಡರ್ಡ್ ಸ್ಲೀವಿಗೆ ಹಾಕಿದರೆ ಹೋಗುತ್ತದೆ ನಿಜ, ಆದರೆ ಒಳಗೇ ಅಲುಗಾಡಿ ಮೂಲೆಗಳು ಸವೆಯುತ್ತವೆ.

ಇನ್ನು ಪ್ಲಾಸ್ಟಿಕ್. ಕಾರ್ಡಿಗೆ ತಾಗುವ ಪ್ಲಾಸ್ಟಿಕ್ ಪಾಲಿಪ್ರೊಪಿಲೀನ್ ಆಗಿರಬೇಕು, ಮೆತ್ತನೆಯ ಪಿವಿಸಿ ಆಗಿರಬಾರದು. ಪಿವಿಸಿಯನ್ನು ಮೆದು ಮಾಡಲು ಬೆರೆಸುವ ಎಣ್ಣೆಯಂಥ ರಾಸಾಯನಿಕ ವರ್ಷಗಳು ಕಳೆದಂತೆ ಹೊರಗೆ ಜಿನುಗುತ್ತದೆ. ಕಾರ್ಡಿನ ಮುಖ ಜಿಗುಟಾಗುತ್ತದೆ, ಶಾಯಿ ಪ್ಲಾಸ್ಟಿಕ್ಕಿಗೆ ಅಂಟಿ ಎದ್ದು ಬರುವುದೂ ಉಂಟು. ಪೊಟ್ಟಣದ ಮೇಲೆ ಏನೂ ಬರೆದಿಲ್ಲದಿದ್ದರೆ ಮೂಸಿ ನೋಡಿ. ಹೊಸ ರೇನ್‌ಕೋಟ್ ಬಿಚ್ಚಿದಾಗ ಬರುವ ಘಾಟು ಬಂದರೆ ಅದನ್ನು ಅಲ್ಲೇ ಬಿಡಿ. ಫೋಟೊ ಅಂಟಿಸುವ ಹಳೇ ಮಾದರಿಯ ಅಂಟುಪುಟದ ಆಲ್ಬಮ್ಮಿಗೂ ಇದೇ ಮಾತು. ವಿಸಿಟಿಂಗ್ ಕಾರ್ಡ್ ಹೋಲ್ಡರ್ ಅಂತೂ ಬೇಡವೇ ಬೇಡ. ಅದರ ಜೇಬು 55 ಮಿಲಿಮೀಟರ್ ಆಸುಪಾಸಿನ ಅಗಲದ ಕಾರ್ಡಿಗೆ ಮಾಡಿದ್ದು, ನಿಮ್ಮ ಕಾರ್ಡು ತುರುಕಿದರೆ ಅಂಚು ಮಡಚುತ್ತದೆ.

ಸ್ಲೀವುಗಳಲ್ಲಿ ಮೂರು ಬಗೆ. ತೆಳ್ಳಗೆ, ಸಡಿಲವಾಗಿ, ನೂರರ ಕಟ್ಟಿನಲ್ಲಿ ಅಗ್ಗಕ್ಕೆ ಸಿಗುವುದು ಪೆನ್ನಿ ಸ್ಲೀವ್. ಇಡುವುದಕ್ಕೆ ಇದೇ ಸಾಕು. ಆಡುವುದಕ್ಕೆ ಆಗದು, ಕಲೆಸುವಾಗ ಒಂದಕ್ಕೊಂದು ಸಿಕ್ಕಿಕೊಂಡು ಸೀಳುತ್ತದೆ. ಎರಡನೆಯದು ಕಾರ್ಡಿನ ಮೈಗೆ ಅಂಟಿದಂತೆ ಕೂರುವ ಒಳ ಸ್ಲೀವ್, ಬಹಳ ಜನ ಇದನ್ನು 'ಪರ್ಫೆಕ್ಟ್ ಫಿಟ್' ಎಂದೇ ಕರೆಯುತ್ತಾರೆ. ಮೂರನೆಯದು ಆಟದ ಸ್ಲೀವ್: ಹಿಂಬದಿ ಬಣ್ಣದ್ದು, ದಪ್ಪ, ಮ್ಯಾಟ್ ಅಥವಾ ಹೊಳಪಿನದು. ಡೆನ್ಮಾರ್ಕಿನ ಡ್ರ್ಯಾಗನ್ ಶೀಲ್ಡ್, ಜರ್ಮನಿಯ ಅಲ್ಟಿಮೇಟ್ ಗಾರ್ಡ್ ಮತ್ತು ಗೇಮ್‌ಜೆನಿಕ್, ಅಮೆರಿಕದ ಅಲ್ಟ್ರಾ ಪ್ರೊ ಈ ಸಾಲಿನವು.

ಮ್ಯಾಟೋ, ಹೊಳಪೋ ಎಂದರೆ ನಾನು ಮ್ಯಾಟ್ ಪಕ್ಷ. ನಮ್ಮ ಸೆಕೆಗೆ ಕೈ ಬೆವರುತ್ತದೆ, ಹೊಳಪಿನ ಸ್ಲೀವುಗಳು ನಾಲ್ಕಾಟ ಆಡುವಷ್ಟರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹಿಂಬದಿ ಪಾರದರ್ಶಕವಾಗಿರುವುದನ್ನು ಡೆಕ್ಕಿಗೆ ಹಾಕಬೇಡಿ. ಕಾರ್ಡಿನ ಬೆನ್ನಿನ ಗೀರು ಕಂಡರೆ ಎದುರಾಳಿಗೆ ಅದು ಗುರುತು. ಮ್ಯಾಜಿಕ್‌ನಲ್ಲಿ 2011ರ ಇನಿಸ್ಟ್ರಾಡ್ ಸೆಟ್ಟಿನಿಂದ (ಒಟ್ಟಿಗೆ ಬಿಡುಗಡೆಯಾಗುವ ಕಾರ್ಡುಗಳ ಕಂತೇ ಸೆಟ್) ಎರಡೂ ಮುಖಕ್ಕೆ ಚಿತ್ರ ಇರುವ ಕಾರ್ಡುಗಳು ಬಂದ ಮೇಲಂತೂ ಒಳಗೇನಿದೆ ಎಂದು ಕಾಣದ ಸ್ಲೀವ್ ಇಲ್ಲದೆ ಅವನ್ನು ಡೆಕ್ಕಿನಲ್ಲಿ ಬಚ್ಚಿಡುವ ಹಾಗೇ ಇಲ್ಲ. ಸ್ಲೀವ್ ಒಂದು ಹರಿದರೆ ಬೇರೆ ಕಟ್ಟಿನದನ್ನು ಸೇರಿಸುವುದೂ ಪಂದ್ಯದಲ್ಲಿ ತಕರಾರಿಗೆ ದಾರಿ. ಅದಕ್ಕೇ 60ರ ಡೆಕ್ಕಿಗೂ 100ರ ಪೊಟ್ಟಣ ಕೊಂಡು ಮಿಕ್ಕವನ್ನು ಜೋಪಾನವಾಗಿಡಿ.

ಡಬಲ್ ಸ್ಲೀವ್ ಬೇಕೇ? ಒಳಗಿನದನ್ನು ಬಾಯಿ ಕೆಳಗಾಗಿ, ಹೊರಗಿನದನ್ನು ಬಾಯಿ ಮೇಲಾಗಿ ತೊಡಿಸುವುದು ಕ್ರಮ, ಆಗ ಟೇಬಲ್ಲಿನ ಮೇಲೆ ಕಾಫಿ ಚೆಲ್ಲಿದರೂ ನೇರವಾಗಿ ಒಳಗಿಳಿಯುವುದಿಲ್ಲ. ಕಮಾಂಡರ್ ಡೆಕ್ಕಿನಂಥ ಕಡೆ, ಹಣ ಸುರಿದ ಕಾರ್ಡುಗಳನ್ನೇ ಆಡುವವರಿಗೆ ಇದು ಸರಿ. ಆದರೆ ದಪ್ಪದ ಲೆಕ್ಕ ಇಟ್ಟುಕೊಳ್ಳಿ. ಬರಿಯ ಕಾರ್ಡು ನೂರು ಪೇರಿಸಿದರೆ ಮೂರು ಸೆಂಟಿಮೀಟರ್ ಆಸುಪಾಸು. ದಪ್ಪ ಆಟದ ಸ್ಲೀವ್ ಒಂದನ್ನೇ ತೊಡಿಸಿದರೂ ಅದು ಐದು ದಾಟುತ್ತದೆ. ಡೆಕ್ ಬಾಕ್ಸಿನ ಮೇಲೆ '100' ಎಂದಿದ್ದರೆ ಅದು ಸಿಂಗಲ್ ಸ್ಲೀವಿನದೋ ಡಬಲ್ಲಿನದೋ ಎಂದು ಓದಿಯೇ ಕೊಳ್ಳಿ.

ಇದೇ ಜಾಗದಲ್ಲಿ ಇನ್ನೊಂದು ಮಾತು. ಮನೆಯಲ್ಲಿ ಹಿರಿಯರು ಕಾಳಜಿಯಿಂದಲೇ 'ಲ್ಯಾಮಿನೇಷನ್ ಮಾಡಿಸಿಬಿಡು, ಹಾಳಾಗಲ್ಲ' ಅನ್ನುತ್ತಾರೆ. ಮಾರ್ಕ್ಸ್ ಕಾರ್ಡಿಗೆ ಸರಿ, ಇದಕ್ಕಲ್ಲ. ಬಿಸಿ, ಅಂಟು ಎರಡೂ ಸೇರಿ ಕಾರ್ಡಿನ ಬೆಲೆ ಅಲ್ಲಿಗೇ ಮುಗಿಯುತ್ತದೆ, ಬಿಡಿಸಿ ತೆಗೆಯಲು ದಾರಿಯಿಲ್ಲ. ರಬ್ಬರ್ ಬ್ಯಾಂಡೂ ಹಾಗೇ. ಬೇಸಿಗೆಯಲ್ಲಿ ಕರಗಿ ಅಂಚಿಗೆ ಹತ್ತಿಕೊಳ್ಳುತ್ತದೆ. ಅಷ್ಟಾಗದಿದ್ದರೂ ಮೊದಲ ಮತ್ತು ಕೊನೆಯ ಕಾರ್ಡಿನ ಅಂಚಿನಲ್ಲಿ ಕಚ್ಚು ಬಿಟ್ಟೇ ಬಿಡುತ್ತದೆ.

ಬೈಂಡರೋ, ಡಬ್ಬಿಯೋ

ನೋಡುವ ಸುಖ ಬೇಕಾದರೆ ಬೈಂಡರ್ (ಜೇಬುಗಳಿರುವ ಪುಟಗಳ ಆಲ್ಬಮ್), ಜಾಗ ಉಳಿಯಬೇಕಾದರೆ ಡಬ್ಬಿ. ಒಂದೇ ಮನೆಯಲ್ಲಿ ಎರಡೂ ಬೇಕಾಗುತ್ತವೆ, ಜಗಳ ಯಾವ ಬೈಂಡರ್ ಎಂಬುದರಲ್ಲಿ.

ರಿಂಗ್ ಬೈಂಡರಿನ ಲಾಭ ಪುಟ ಸೇರಿಸಬಹುದು, ತೆಗೆಯಬಹುದು. ನಷ್ಟ ರಿಂಗೇ. ಯಾರಾದರೂ ಹಳೆಯ ರಿಂಗ್ ಬೈಂಡರ್ ತೋರಿಸಿದರೆ ಮೊದಲ ಪುಟದಲ್ಲಿ ಒಳ ಅಂಚಿನ ಸಾಲಿನ ಕಾರ್ಡುಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನೇರ ನೋಟಕ್ಕೆ ಚಿತ್ರ ಚೆನ್ನಾಗಿಯೇ ಇರುತ್ತದೆ, ಓರೆ ಹಿಡಿದಾಗ ಉಗುರಿನಲ್ಲಿ ಗೀಚಿದಂತೆ ಬಿಲ್ಲಿನಾಕಾರದ ತಗ್ಗು ಹೊಳೆಯುತ್ತದೆ. ಬೈಂಡರನ್ನು ಮಲಗಿಸಿ ಮೇಲೆ ಭಾರ ಇಟ್ಟಾಗ ದುಂಡು ರಿಂಗಿನ ಮೇಲೆ ಪುಟ ಹತ್ತಿ ಕೂತು ಆದ ಪೆಟ್ಟು ಅದು. ಮತ್ತೆ ಸರಿಯಾಗುವುದಿಲ್ಲ. ರಿಂಗೇ ಬೇಕೆನ್ನುವವರು 'ಡಿ' ಆಕಾರದ ರಿಂಗ್ ಕೊಳ್ಳಿ, ಅದರ ನೇರ ಬದಿಯಲ್ಲಿ ಪುಟಗಳು ಒಂದರ ಮೇಲೊಂದು ಸಮನಾಗಿ ಕೂರುತ್ತವೆ.

ಇಲ್ಲಿ ನಮ್ಮವರಿಗೆ ಇನ್ನೊಂದು ತೊಡಕಿದೆ. ಅಮೆರಿಕದ 9 ಪಾಕೆಟ್ ಪುಟಗಳಿಗೆ ಸಾಮಾನ್ಯವಾಗಿ ಮೂರು ತೂತು. ನಮ್ಮ ಸ್ಟೇಷನರಿ ಅಂಗಡಿಗಳ ಎ4 ಫೈಲಿಗೆ ಎರಡು ಅಥವಾ ನಾಲ್ಕು ರಿಂಗು, ಎರಡರ ನಡುವಿನ ಅಂತರ 80 ಮಿಲಿಮೀಟರ್. ಅಲ್ಲಿನ ಅಂತರ 108. ಪುಟಗಳನ್ನು ತರಿಸಿಕೊಂಡ ಮೇಲೆ ಫೈಲು ಹುಡುಕಲು ಹೊರಟರೆ ಅಲೆದಾಟವೇ ಗತಿ. ಎರಡನ್ನೂ ಒಂದೇ ಕಡೆ ಕೊಳ್ಳಿ, ಇಲ್ಲವೇ ಹನ್ನೊಂದು ತೂತಿನ ಪುಟ ನೋಡಿ.

ರಿಂಗಿಲ್ಲದ, ಪುಟಗಳು ಬೆನ್ನಿಗೇ ಹೊಲಿದು ಸುತ್ತ ಜಿಪ್ ಇರುವ ಬೈಂಡರ್ ನನ್ನ ಮಟ್ಟಿಗೆ ಮನೆಯ ಬಳಕೆಗೆ ಮೇಲು. 9 ಪಾಕೆಟ್ಟಿನ 20 ಹಾಳೆ ಇದ್ದರೆ ಎರಡೂ ಮುಖ ಸೇರಿ 360 ಕಾರ್ಡು ಹಿಡಿಯುತ್ತದೆ, 12 ಪಾಕೆಟ್ ಆದರೆ 480. ಜೇಬಿನ ಬಾಯಿ ಪಕ್ಕಕ್ಕಿರಲಿ. ಮೇಲಕ್ಕಿದ್ದರೆ ಬೈಂಡರ್ ತಲೆಕೆಳಗಾದಾಗ ಕಾರ್ಡುಗಳು ಜಾರುತ್ತವೆ. ಜಿಪ್ ಇದ್ದರೆ ದೂಳೂ ಸಿಲ್ವರ್‌ಫಿಶ್ಶೂ ಹೊರಗೆ. ತೊಂದರೆ ಎರಡು. ಮಧ್ಯದಲ್ಲಿ ಹೊಸ ಸೆಟ್ ಸೇರಿಸಬೇಕೆಂದರೆ ಕಾರ್ಡುಗಳನ್ನೆಲ್ಲ ಒಂದೊಂದಾಗಿ ಮುಂದೆ ಸರಿಸಬೇಕು. ಮತ್ತೆ, ಒಂದು ಜೇಬಿಗೆ ಎರಡು ಕಾರ್ಡು ತುರುಕುವ ಆಸೆ ಹುಟ್ಟುತ್ತದೆ. ತುರುಕಿದರೆ ಬೈಂಡರಿನ ಹೊಟ್ಟೆ ಉಬ್ಬಿ ಹೊರಗಿನ ಪುಟಗಳು ಬಾಗುತ್ತವೆ. ಯಾವ ಬೈಂಡರೇ ಆಗಲಿ, ಒಳಗೆ ಹಾಕುವ ಕಾರ್ಡಿಗೆ ಮೊದಲು ಒಂದು ತೆಳು ಸ್ಲೀವ್ ಇರಲಿ. ಜೇಬಿನೊಳಗೆ ತೂರಿಸುವಾಗಲೇ ಮೂಲೆ ಸವೆಯುವುದು ಹೆಚ್ಚು.

ಬಲ್ಕ್‌ಗೆ ವಿದೇಶಗಳಲ್ಲಿ 800, 1,600 ಕಾರ್ಡು ಹಿಡಿಯುವ ಬಿಳಿ ರಟ್ಟಿನ ಉದ್ದ ಡಬ್ಬಿಗಳಿವೆ, ಇಲ್ಲಿ ಕೆಲವು ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತವೆ. ಸಿಗದಿದ್ದರೆ ದೊಡ್ಡವರ ಶೂ ಡಬ್ಬಿ ಸಾಕು. ಕಾರ್ಡನ್ನು ಉದ್ದ ಅಂಚಿನ ಮೇಲೆ ನಿಲ್ಲಿಸಿದರೆ 88 ಮಿಲಿಮೀಟರಿನ ಎರಡು ಸಾಲು ಅಗಲಕ್ಕೆ ಸರಿಯಾಗಿ ಕೂರುತ್ತದೆ, ಒಂದು ಅಡಿ ಉದ್ದದ ಸಾಲಿಗೆ ಸಾವಿರದ ಹತ್ತಿರ ಹಿಡಿಯುತ್ತದೆ. ಆದರೆ ಸಾವಿರ ಕಾರ್ಡು ಎಂದರೆ ಸುಮಾರು 1.8 ಕಿಲೋ. ಎರಡು ಸಾಲಿನ ಡಬ್ಬಿಯನ್ನು ಮುಚ್ಚಳ ಹಿಡಿದು ಎತ್ತಿದರೆ ತಳ ಕಿತ್ತು ಬರುತ್ತದೆ. ಸಾಲು ಅರೆಖಾಲಿ ಇದ್ದರೆ ಕಾರ್ಡುಗಳು ಒರಗಿ ಒರಗಿ ಬಾಗುತ್ತವೆ, ಖಾಲಿ ಜಾಗಕ್ಕೆ ಥರ್ಮೊಕೋಲ್ ತುಂಡು ತುಂಬಿ. ಸ್ವೀಟ್ ಡಬ್ಬಿ ಬಳಸಬೇಡಿ. ಎಷ್ಟು ಒರೆಸಿದರೂ ಮೈಸೂರ್ ಪಾಕಿನ ತುಪ್ಪ ರಟ್ಟಿನಲ್ಲಿ ಉಳಿದಿರುತ್ತದೆ, ಇರುವೆ ಹುಡುಕಿಕೊಂಡು ಬರುತ್ತದೆ.

ಮರದ ಪೆಟ್ಟಿಗೆ ಮಾಡಿಸುವ ಆಸೆ ಕೆಲವರಿಗೆ. ಮೈಸೂರಿನ ಗಂಜೀಫಾ ಎಲೆಗಳಿಗೂ ಚಿತ್ರ ಬರೆದ ಮರದ ಪೆಟ್ಟಿಗೆಯೇ ಇರುತ್ತಿತ್ತು, ಹಾಗಾಗಿ ಆಸೆ ಹೊಸದೇನಲ್ಲ. ಆದರೆ ಹೊಸ ಪ್ಲೈವುಡ್, ಅದರ ಅಂಟು, ಪಾಲಿಶ್ ಇವೆಲ್ಲ ತಿಂಗಳುಗಟ್ಟಲೆ ಆವಿ ಬಿಡುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಕಾಗದಕ್ಕೆ ಒಳ್ಳೆಯದಲ್ಲ. ಮಾಡಿಸಿದರೆ ಮುಚ್ಚಳ ತೆರೆದು ವಾಸನೆ ಪೂರಾ ಹೋಗುವವರೆಗೆ ಬಿಟ್ಟು ಆಮೇಲೆ ತುಂಬಿ.

ಟಾಪ್‌ಲೋಡರ್, ಮ್ಯಾಗ್ನೆಟ್ ಹೋಲ್ಡರ್, ಸ್ಲ್ಯಾಬ್

ಇದರಲ್ಲಿ ಹೇಳುವುದು ಕಡಿಮೆ. ಬೆರಳೆಣಿಕೆಯಷ್ಟು ಕಾರ್ಡುಗಳಿಗೆ ಮಾತ್ರ ಇವು ಬೇಕು. ಟಾಪ್‌ಲೋಡರ್ ಎಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಲಕೋಟೆ. ಸಾಮಾನ್ಯ ಕಾರ್ಡಿಗೆ 35 ಪಾಯಿಂಟ್ ದಪ್ಪದ ಕಾರ್ಡಿಗೆಂದು ಮಾಡಿದ್ದು ಸಾಕು. ಅದು ಸಾಮಾನ್ಯವಾಗಿ ಗಟ್ಟಿ ಪಿವಿಸಿಯದೇ, ಆದ್ದರಿಂದ ಕಾರ್ಡು ಮೊದಲು ಪೆನ್ನಿ ಸ್ಲೀವಿನೊಳಗೆ, ಆಮೇಲೆ ಟಾಪ್‌ಲೋಡರಿನೊಳಗೆ. ಕೊರಿಯರ್ ಮಾಡುವುದಾದರೂ ಇದೇ. ಮ್ಯಾಗ್ನೆಟ್ ಹೋಲ್ಡರ್ ನೋಡಲು ಚೆಂದ, ಒಂದಕ್ಕೆ ಕೊಡುವ ದುಡ್ಡಿನಲ್ಲಿ ಟಾಪ್‌ಲೋಡರ್ ಕಟ್ಟೇ ಬರುತ್ತದೆ. ಯುವಿ ತಡೆಯುತ್ತದೆ ಎಂದು ಬರೆದಿದ್ದರೂ ಪಡುವಣ ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ, ಬಣ್ಣ ಮಾಸುವುದು ತಡವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಅಚ್ಚಿನ ಶಾಯಿಯಲ್ಲಿ ಹಳದಿಯೂ ಮಜೆಂಟಾವೂ ಮೊದಲು ಹೋಗುತ್ತವೆ, ಕೊನೆಗೆ ಕಾರ್ಡು ನೀಲಿಬೂದಿ ಬಣ್ಣಕ್ಕೆ ತಿರುಗುತ್ತದೆ.

ಗ್ರೇಡಿಂಗ್ ಎಂದರೆ ಅಮೆರಿಕದ ಪಿಎಸ್‌ಎ, ಬೆಕೆಟ್, ಸಿಜಿಸಿಯಂಥ ಸಂಸ್ಥೆಗಳಿಗೆ ಕಾರ್ಡು ಕಳಿಸಿ, 1ರಿಂದ 10ರೊಳಗೆ ಅಂಕ ಹಾಕಿಸಿ, ಬೆಸೆದ ಪ್ಲಾಸ್ಟಿಕ್ ಸ್ಲ್ಯಾಬಿನಲ್ಲಿ ವಾಪಸ್ ಪಡೆಯುವುದು. ಇಲ್ಲಿಂದ ಕಳಿಸುವಾಗ ಶುಲ್ಕದ ಮೇಲೆ ಎರಡೂ ಕಡೆಯ ಕೊರಿಯರ್, ವಿಮೆ, ಕಸ್ಟಮ್ಸ್ ಸೇರಿಸಿ ಲೆಕ್ಕ ಹಾಕಿ. ಮಾರುವ ಉದ್ದೇಶವೇ ಇಲ್ಲದಿದ್ದರೆ ಬರಿಯ ಕಾಪಾಡುವುದಕ್ಕಾಗಿ ಇಷ್ಟು ಬೇಕಿಲ್ಲ. ಸ್ಲ್ಯಾಬ್ ಗಾಳಿಯಾಡದ ಪೆಟ್ಟಿಗೆಯೂ ಅಲ್ಲ, ತೇವ ನಿಧಾನವಾಗಿ ಒಳಗೆ ಸೇರುತ್ತದೆ.

ತೇವದ ಲೆಕ್ಕ

ಕಾರ್ಡಿಗೆ ಹಿತವಾದದ್ದು ಶೇಕಡ 40ರಿಂದ 50ರ ಆರ್ದ್ರತೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಜುಲೈ ತಿಂಗಳಲ್ಲಿ ಹೊರಗಿನ ಗಾಳಿ 90ರ ಆಸುಪಾಸು ಇರುತ್ತದೆ, ಮಲೆನಾಡಿನಲ್ಲಿಯೂ ಹಾಗೇ. ಬೆಂಗಳೂರು, ಮೈಸೂರಿನಲ್ಲಿ ಅಷ್ಟಿಲ್ಲ, ಆದರೂ ಮಳೆಗಾಲದ ಬೆಳಗ್ಗೆ ಮನೆಯೊಳಗೆ 70 ದಾಟುವುದು ಸಾಮಾನ್ಯ. ಬಳ್ಳಾರಿ, ಕಲಬುರಗಿಯ ಬೇಸಿಗೆ ಇದಕ್ಕೆ ತದ್ವಿರುದ್ಧ, ಮಧ್ಯಾಹ್ನದ ಗಾಳಿ ತೀರ ಒಣ.

ತೇವ ಹೇಗೆ ಕೆಡಿಸುತ್ತದೆ ಎಂದು ನೋಡಬೇಕಾದರೆ ಒಂದು ಫಾಯಿಲ್ ಕಾರ್ಡನ್ನು ಮುಖ ಮೇಲಾಗಿ ಗಾಜಿನ ಮೇಲಿಡಿ. ಫಾಯಿಲ್ ಎಂದರೆ ಕಾಗದದ ಮೇಲೆ ಹೊಳೆಯುವ ಪದರ ಅಂಟಿಸಿದ್ದು. ಕಾಗದ ತೇವ ಕುಡಿದು ಹಿಗ್ಗುತ್ತದೆ, ಮೇಲಿನ ಪದರ ಹಿಗ್ಗುವುದಿಲ್ಲ. ಹಾಗಾಗಿ ತೇವದ ಗಾಳಿಯಲ್ಲಿ ಅಂಚುಗಳು ಮೇಲೆದ್ದು ಕಾರ್ಡು ದೋಣಿಯಾಗುತ್ತದೆ. ತೀರ ಒಣ ಗಾಳಿಯಲ್ಲಿ ಕಾಗದ ಕುಗ್ಗಿ ನಡು ಮೇಲೆದ್ದು ಕಮಾನಾಗುತ್ತದೆ. ಮನೆಯ ಗಾಳಿಯ ಸ್ಥಿತಿಯನ್ನು ಆ ಒಂದು ಕಾರ್ಡೇ ಹೇಳಿಬಿಡುತ್ತದೆ. ಬಾಗಿದ್ದನ್ನು ದಪ್ಪ ನಿಘಂಟಿನ ಕೆಳಗೆ ಒತ್ತಿಟ್ಟರೆ ಎತ್ತಿದ ಮೇಲೆ ಮತ್ತೆ ಬಾಗುತ್ತದೆ. ಸುತ್ತಲಿನ ಗಾಳಿ 45ರ ಹತ್ತಿರ ಬಂದರೆ ಬಹಳಷ್ಟು ಮಟ್ಟಿಗೆ ತಾನೇ ನೇರವಾಗುತ್ತದೆ.

ಹಾಗಾದರೆ ಗಾಳಿಯನ್ನು ಹತೋಟಿಗೆ ತರುವುದು ಹೇಗೆ? ಮೂರು ದಾರಿ.

ಅಗ್ಗದ್ದು, ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಮತ್ತು ಸಿಲಿಕಾ ಜೆಲ್. ಬಹುಪಾಲು ಮನೆಗಳಿಗೆ ನಾನು ಹೇಳುವುದು ಇದನ್ನೇ. ಸಿಲಿಕಾದಲ್ಲಿ ನೀಲಿಗಿಂತ ಕಿತ್ತಳೆ ಬಣ್ಣ ಸೂಚಿಸುವುದನ್ನು ಆರಿಸಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ತೇವ ಕುಡಿದು ಬಣ್ಣ ಬದಲಾದ ಮೇಲೆ 110ರಿಂದ 120 ಡಿಗ್ರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು, ಆದರೆ ಅಡುಗೆಯ ಬಾಣಲೆಯಲ್ಲಿ ಬೇಡ, ಅದಕ್ಕೆಂದೇ ಒಂದು ಹಳೆ ಪಾತ್ರೆ ಇಡಿ. ಹರಳುಗಳು ಕಾರ್ಡಿಗೆ ತಾಗದಂತೆ ಬಟ್ಟೆಯ ಚೀಲದಲ್ಲಿರಲಿ. ಅತಿ ಮಾಡಬೇಡಿ. ಚಿಕ್ಕ ಡಬ್ಬಿಗೆ ಹಿಡಿ ತುಂಬ ಸಿಲಿಕಾ ಸುರಿದರೆ ಒಳಗೆ 30ಕ್ಕಿಂತ ಕೆಳಗಿಳಿದು ಫಾಯಿಲ್ಲುಗಳು ಕಮಾನಾಗುತ್ತವೆ. ಬಳ್ಳಾರಿಯವರಿಗೆ ಬೇಸಿಗೆಯಲ್ಲಿ ಸಿಲಿಕಾವೇ ಬೇಡ.

ಇದರಲ್ಲಿ ಬಹಳ ಜನ ಗಮನಿಸದ ಸಂಗತಿ ಒಂದಿದೆ. ಬಿಗಿ ಡಬ್ಬಿ ತೇವವನ್ನು ಹೊರಗೂ ತಡೆಯುತ್ತದೆ, ಒಳಗೂ ತಡೆಯುತ್ತದೆ. ಜುಲೈ ತಿಂಗಳ ಸಂಜೆ, ಮಳೆ ಸುರಿಯುತ್ತಿರುವಾಗ, ತೇವ ಕುಡಿದ ಕಾರ್ಡುಗಳನ್ನು ತುಂಬಿ ಮುಚ್ಚಳ ಹಾಕಿದರೆ ಆ ತೇವವೂ ಒಳಗೇ ಉಳಿಯುತ್ತದೆ. ಕರಾವಳಿಯವರು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ, ಗಾಳಿ ಒಣಗಿದ್ದಾಗ ತುಂಬಿಡಿ. ಮಳೆಗಾಲದಲ್ಲೇ ತುಂಬಬೇಕಾಗಿ ಬಂದರೆ ಮೊದಲ ವಾರ ಸಿಲಿಕಾ ಒಂದೆರಡು ಸಲ ಬದಲಿಸಿ.

ಎರಡನೆಯದು, ಎರಡೂ ಕಡೆಗೆ ಕೆಲಸ ಮಾಡುವ ಆರ್ದ್ರತೆಯ ಪೊಟ್ಟಣಗಳು. ಬೋವೆಡಾ ಕಂಪನಿಯ ಶೇಕಡ 49ರ ಪೊಟ್ಟಣ ಇಂಥದ್ದು. ಗಾಳಿ ಒಣಗಿದರೆ ತೇವ ಬಿಡುತ್ತದೆ, ತೇವ ಹೆಚ್ಚಿದರೆ ಹೀರುತ್ತದೆ. ಡಬ್ಬಿ ನಿಜಕ್ಕೂ ಬಿಗಿ ಇದ್ದರೆ ಮಾತ್ರ ಇದು ಬಾಳಿಕೆ ಬರುತ್ತದೆ, ಇಲ್ಲವಾದರೆ ಕರಾವಳಿಯ ಮಳೆಗಾಲದ ಮುಂದೆ ಬೇಗ ಸೋಲುತ್ತದೆ. ಒಣ ಸೀಮೆಯವರಿಗೆ ಸಿಲಿಕಾಕ್ಕಿಂತ ಇದು ಮೇಲು.

ಮೂರನೆಯದು, ಕ್ಯಾಮೆರಾದವರು ಲೆನ್ಸ್ ಇಡುವ ಕರೆಂಟಿನ ಡ್ರೈ ಕ್ಯಾಬಿನೆಟ್. ಅಂಕಿ ಹಾಕಿ ಬಿಟ್ಟರೆ ಸಾಕು. ದುಬಾರಿ, ಆದರೆ ಸಂಗ್ರಹದ ಬೆಲೆ ಕ್ಯಾಬಿನೆಟ್ಟಿನ ಬೆಲೆಗಿಂತ ಹಲವು ಪಟ್ಟು ಇದ್ದು ಮನೆ ಸುರತ್ಕಲ್ಲಿನಲ್ಲೋ ಆಗುಂಬೆಯಲ್ಲೋ ಇದ್ದರೆ ಹಿಂದೆಮುಂದೆ ನೋಡಬೇಡಿ. ಬೆಂಗಳೂರಿನ ಫ್ಲ್ಯಾಟಿಗೆ ಇದು ಶೋಕಿಯೇ.

ಯಾವುದನ್ನೇ ಆರಿಸಿ, ಒಳಗೊಂದು ಚಿಕ್ಕ ಡಿಜಿಟಲ್ ಹೈಗ್ರೋಮೀಟರ್ (ಆರ್ದ್ರತೆ ಅಳೆಯುವ ಮೀಟರ್) ಇಡಿ. ಅಗ್ಗದವು ಸುಳ್ಳು ಹೇಳುತ್ತವೆ, ಪರೀಕ್ಷೆ ಮನೆಯಲ್ಲೇ ಮಾಡಬಹುದು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಸರಾಗುವಷ್ಟು ಮಾತ್ರ ನೀರು ಹನಿಸಿ, ಮೀಟರಿನ ಜತೆ ಜಿಪ್ ಪೌಚಿನಲ್ಲಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ 75 ತೋರಿಸಬೇಕು. 81 ತೋರಿಸಿದರೆ ಆ ಮೀಟರಿನ ಮಾತಿನಲ್ಲಿ ಯಾವಾಗಲೂ ಆರು ಕಳೆದು ಓದಿ.

ಇನ್ನು ಡಬ್ಬಿಯ ಜಾಗ. ಕೋಣೆಯ ಗೋಡೆಯ ಮೇಲಿನ ಸಜ್ಜೆಯಲ್ಲಿ ಇಡುವುದು ನಮ್ಮವರ ಅಭ್ಯಾಸ. ಮೇಲಿನ ಮಹಡಿಯ ಮನೆಯಾದರೆ ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಬಿಸಿ ತಡೆಯಲಾಗದು, ಬೈಂಡರಿನ ಪುಟಗಳು ಸೊಟ್ಟಗಾಗುತ್ತವೆ. ಬಚ್ಚಲುಮನೆಗೆ ತಾಗಿದ ಗೋಡೆ, ಮಳೆಯ ಎರಚಲು ಹೊಡೆಯುವ ಹೊರಗೋಡೆ ಇವೆರಡೂ ಬೇಡ. ಮಲಗುವ ಕೋಣೆಯ ಒಳಗೋಡೆಗೆ ಇರುವ ಕಪಾಟಿನ ನಡುವಿನ ಅರೆ ಒಳ್ಳೆಯದು, ಗೋಡೆಯಿಂದ ಎರಡು ಬೆರಳು ಬಿಟ್ಟು. ನೆಲಮಹಡಿಯವರು ರಟ್ಟಿನ ಡಬ್ಬಿಯನ್ನು ನೆಲದ ಮೇಲಂತೂ ಇಡಬೇಡಿ, ಗೆದ್ದಲಿಗೆ ಅದಕ್ಕಿಂತ ಸಸಾರದ ಊಟ ಇಲ್ಲ. ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕ ಇಟ್ಟರೆ ಜಾಗವೇನೋ ಒಣಗಿರುತ್ತದೆ, ಆದರೆ ಅಲ್ಲಿ ನುಸಿಗುಳಿಗೆ ಇರುತ್ತದೆ. ಅದರ ಆವಿ ಕೆಲವು ಬಗೆಯ ಗಟ್ಟಿ ಪ್ಲಾಸ್ಟಿಕ್ಕನ್ನು ಮೆದುವಾಗಿಸುತ್ತದೆ, ವಾಸನೆಯಂತೂ ಕಾಗದದಿಂದ ಹೋಗುವುದೇ ಇಲ್ಲ. ಗುಳಿಗೆ ತೆಗೆಯಿರಿ ಅಥವಾ ಕಾರ್ಡು ತೆಗೆಯಿರಿ. ಮನೆಯಲ್ಲಿ ಸೀರೆಯ ಪಕ್ಷ ಗೆಲ್ಲುವ ಸಂಭವವೇ ಹೆಚ್ಚು.

ಜೋಡಿಸುವ ಕ್ರಮ

ಸಂಗ್ರಹಕಾರರು ಸೆಟ್ ಮತ್ತು ಸಂಖ್ಯೆಯ ಪ್ರಕಾರ ಜೋಡಿಸುತ್ತಾರೆ, ಆಟಗಾರರು ಬಣ್ಣ ಅಥವಾ ಟೈಪ್ ಪ್ರಕಾರ. ಎರಡನ್ನೂ ಬೆರೆಸಲು ಹೋದವರು ಅರ್ಧಕ್ಕೇ ಕೈಬಿಡುತ್ತಾರೆ. ನೀವು ಕಾರ್ಡು ಹುಡುಕುವಾಗ ಮನಸ್ಸಿಗೆ ಮೊದಲು ಬರುವುದು ಯಾವುದು ಎಂದು ನೋಡಿಕೊಂಡು ಒಂದನ್ನು ಹಿಡಿಯಿರಿ.

ಸೆಟ್ ಕ್ರಮದ ಅನುಕೂಲ, ಏನಿಲ್ಲ ಎಂಬುದು ಕಣ್ಣಿಗೆ ಬೀಳುತ್ತದೆ. 1999ರ ಇಂಗ್ಲಿಷ್ ಪೋಕೆಮಾನ್ ಬೇಸ್ ಸೆಟ್ಟಿನಲ್ಲಿ 102 ಕಾರ್ಡು, ಚಾರಿಜಾರ್ಡ್ ಎಂಬ ಕಾರ್ಡಿನ ಕೆಳಗೆ 4/102 ಎಂದಿರುತ್ತದೆ. ಪಕ್ಕದ ಗುರುತು ದುಂಡಗಿದ್ದರೆ ಕಾಮನ್, ವಜ್ರದಾಕಾರ ಇದ್ದರೆ ಅನ್‌ಕಾಮನ್, ನಕ್ಷತ್ರ ಇದ್ದರೆ ರೇರ್. ಬೈಂಡರಿನಲ್ಲಿ ಇಲ್ಲದ ಸಂಖ್ಯೆಗೆ ಜೇಬು ಖಾಲಿ ಬಿಟ್ಟು ಮುಂದೆ ಹೋಗಿ, ಆಮೇಲೆ ಸರಿಸುವ ಕೆಲಸ ತಪ್ಪುತ್ತದೆ. ಮ್ಯಾಜಿಕ್ ಆಡುವವರು ಐದು ಬಣ್ಣ, ಬಣ್ಣವಿಲ್ಲದವು, ಬಹುಬಣ್ಣ, ಲ್ಯಾಂಡ್ ಎಂದು ಎಂಟು ವಿಭಾಗ ಮಾಡಿ ಒಳಗೆ ಅಕ್ಷರಾನುಕ್ರಮ ಇಟ್ಟರೆ ಡೆಕ್ ಕಟ್ಟುವಾಗ ಹುಡುಕಾಟ ಇಲ್ಲ. ಬೆಲೆಯ ಪ್ರಕಾರ ಜೋಡಿಸುವುದು ಮಾತ್ರ ದಂಡ, ಬೆಲೆ ನಿಲ್ಲುವುದಿಲ್ಲ.

ಡಬ್ಬಿಯೊಳಗಿನ ಅಡ್ಡಪಟ್ಟಿಗೆ ಹಳೆಯ ಲಗ್ನಪತ್ರಿಕೆ ಕತ್ತರಿಸಿ. ದಪ್ಪ, ಗಟ್ಟಿ, ಯಾರ ಮನೆಯಲ್ಲೂ ಕೊರತೆಯಿಲ್ಲ. ಮಿನುಗುಪುಡಿ ಅಂಟಿಸಿದ್ದು ಬೇಡ, ಅದು ಕಾರ್ಡಿನ ಮೈಯನ್ನು ಗೀರುತ್ತದೆ. ಬಲ್ಕ್‌ಗೆ ಸೆಟ್ ಹೆಸರು ಬರೆದ ಅಡ್ಡಪಟ್ಟಿ ಸಾಕು, ಅದಕ್ಕಿಂತ ಹೆಚ್ಚು ಜೋಡಿಸಲು ಹೋಗಬೇಡಿ.

ಪಟ್ಟಿ ಇಡಲು ಮನಾಬಾಕ್ಸ್‌ನಂಥ ಆ್ಯಪ್‌ಗಳಲ್ಲಿ ಕ್ಯಾಮೆರಾ ಹಿಡಿದರೆ ಮ್ಯಾಜಿಕ್ ಕಾರ್ಡಿನ ಹೆಸರು ತಾನೇ ಬರುತ್ತದೆ. ಫಾಯಿಲ್ಲೋ ಸಾದಾವೋ ಎಂಬಲ್ಲಿ ಎಡವುತ್ತವೆ, ಕಣ್ಣಾಡಿಸಿ ತಿದ್ದಬೇಕು. ಆ್ಯಪ್ ನಿಂತುಹೋದರೆ ಪಟ್ಟಿಯೂ ಹೋಗುತ್ತದೆ ಎಂಬ ಭಯ ಇದ್ದವರು ಆಗಾಗ ಎಕ್ಸೆಲ್ ಶೀಟಿಗೆ ಇಳಿಸಿಕೊಳ್ಳಿ. ಎರಡನೆಯ ರಾಶಿಯ ಕಾರ್ಡುಗಳಿಗೆ ಎರಡೂ ಮುಖದ ಫೋಟೊ ತೆಗೆದಿಡಿ.

ಮಕ್ಕಳ ಕಾರ್ಡುಗಳು

ಶಾಲೆಯ ಪಕ್ಕದ ಅಂಗಡಿಯಲ್ಲಿ ಚಿನ್ನದ ಬಣ್ಣದ ಪ್ಲಾಸ್ಟಿಕ್ ಪೋಕೆಮಾನ್ ಕಾರ್ಡುಗಳು ಸಿಗುತ್ತವಲ್ಲ, ಬಹುಮಟ್ಟಿಗೆ ಎಲ್ಲವೂ ನಕಲಿ. ಅವಕ್ಕೆ ಸ್ಲೀವೂ ಬೇಡ, ಬೈಂಡರೂ ಬೇಡ. ಹಾಗಂತ ಕಸಿದುಕೊಳ್ಳಲೂ ಬೇಡಿ, ಅಂಗಳದಲ್ಲಿ ಆಡಿ ಸವೆಸಲು ಅವೇ ಸರಿ. ಅಸಲಿಯ ಜತೆ ಬೆರೆಯದಂತೆ ಬೇರೆ ಡಬ್ಬಿ ಕೊಟ್ಟರೆ ಸಾಕು. ಅಸಲಿ ಇದ್ದರೆ ಮಗುವಿಗೆ ಒಂದು 4 ಪಾಕೆಟ್ಟಿನ ಚಿಕ್ಕ ಜಿಪ್ ಬೈಂಡರ್ ಕೊಡಿಸಿ. 9 ಪಾಕೆಟ್ಟಿನದು ಬ್ಯಾಗಿನಲ್ಲಿ ಹೋದರೆ ಇಡೀ ಸಂಗ್ರಹವೇ ಶಾಲೆಗೆ ಹೋದಂತೆ, ಅದಲುಬದಲು ಮುಗಿಸಿ ವಾಪಸ್ ಬರುವಾಗ ಏನು ಉಳಿದಿರುತ್ತದೋ ಹೇಳಲಾಗದು.

ವರ್ಷಕ್ಕೆರಡು ಸಲ

ಮೇ ಕೊನೆಗೊಮ್ಮೆ, ಆಯುಧಪೂಜೆಯ ಹೊತ್ತಿಗೆ ಮನೆ ಒರೆಸುವಾಗ ಇನ್ನೊಮ್ಮೆ ಎಲ್ಲ ಡಬ್ಬಿ ಬಿಚ್ಚಿ ನೋಡಿ. ಮೇ ತಿಂಗಳ ಕೆಲಸ ಸಿಲಿಕಾ ಒಣಗಿಸುವುದು, ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದೆಯೇ ನೋಡುವುದು. ಅಕ್ಟೋಬರಿನ ಕೆಲಸ ಬೂಷ್ಟು ಹುಡುಕುವುದು. ಅಂಚಿನಲ್ಲಿ ಬೂದು ಅಥವಾ ಹಸಿರು ಪುಡಿಯಂಥದ್ದು ಕಂಡರೆ ಆ ಕಾರ್ಡನ್ನೂ ಅಕ್ಕಪಕ್ಕದವನ್ನೂ ತಕ್ಷಣ ಬೇರೆ ಮಾಡಿ. ಒದ್ದೆ ಬಟ್ಟೆಯಾಗಲಿ ಸ್ಯಾನಿಟೈಸರ್ ಆಗಲಿ ಮುಟ್ಟಿಸಬೇಡಿ. ಸ್ಲೀವ್ ತೆಗೆದು ಎಸೆಯಿರಿ. ಕಾರ್ಡನ್ನು ಸಿಲಿಕಾ ಇರುವ ಬೇರೊಂದು ಡಬ್ಬಿಯಲ್ಲಿ ನಾಲ್ಕೈದು ದಿನ ಒಣಗಿಸಿ. ಬೂಷ್ಟು ಪುಡಿಪುಡಿಯಾದ ಮೇಲೆ ಮೂಗಿಗೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ನಿಂತು, ಮೆತ್ತನೆಯ ಒಣ ಬ್ರಷ್ಷಿನಿಂದ ನಡುವಿನಿಂದ ಅಂಚಿನ ಕಡೆಗೆ ಉದುರಿಸಿ. ಕಲೆ ಪೂರ್ತಿ ಹೋಗುವುದಿಲ್ಲ, ಹರಡುವುದು ನಿಲ್ಲುತ್ತದೆ. ಹಳೆಯ ಡಬ್ಬಿ ರಟ್ಟಿನದಾದರೆ ಬಿಸಾಡಿ. ಪ್ಲಾಸ್ಟಿಕ್ಕಿನದಾದರೆ ಸೋಪು ಹಾಕಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ ಮತ್ತೆ ಬಳಸಬಹುದು.